ನೆರೆಮನೆಯ ಲೆಕ್ಕ

ಒಬ್ಬನ ವಿಷಯ ತಿಳಿಯಬೇಕಾದರೆ ನೆರೆಮನೆಯವರನ್ನು ಕೇಳುವುದು ಲೋಕದ ರೂಢಿ. ಹೆಣ್ಣು ಕೊಡುವವರೂ ಹಾಗೆಯೇ ಮಾಡುತ್ತಾರೆ, ಸಾಲ ಕೊಡುವವರೂ ಹಾಗೆಯೇ. ರಸಾಯನಶಾಸ್ತ್ರದಲ್ಲೂ ಇದೇ ಪದ್ಧತಿಯೆಂದರೆ ನೀವು ನಕ್ಕೀರಿ. ಬಿ.ಎಸ್‌ಸಿ. ತರಗತಿಗೆ ನಾನು ಎನ್.ಎಂ.ಆರ್. ಎಂಬ ಪಾಠ ಹೇಳುತ್ತೇನೆ. ಹೆಸರಿಗೆ ಹೆದರಬೇಕಾಗಿಲ್ಲ, ಆಸ್ಪತ್ರೆಯ ಎಂ.ಆರ್.ಐ. ಯಂತ್ರ ಇದರ ಸಂತಾನವೇ. ಬಲವಾದ ಅಯಸ್ಕಾಂತದ ನಡುವೆ ವಸ್ತುವನ್ನಿಟ್ಟು ರೇಡಿಯೋ ಅಲೆ ಹಾಯಿಸಿದರೆ, ಅದರೊಳಗಿನ ಹೈಡ್ರೊಜನ್ ಬೀಜಗಳು ತಂತಮ್ಮ ಸ್ಥಾನಕ್ಕೆ ತಕ್ಕ ಸ್ವರದಲ್ಲಿ ಓಗೊಡುತ್ತವೆ.

1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬ ಮೂವರು ಮದ್ಯಸಾರವನ್ನು ಹೀಗೆ ಪರೀಕ್ಷಿಸಿ 3, 2, 1 ಪ್ರಮಾಣದ ಮೂರು ಶಿಖರಗಳನ್ನು ಕಂಡರು. ನಡುವಿನ ಹೆಸರು ಕೇಳಿ ನಮ್ಮ ಹುಡುಗರು ತಲೆಯೆತ್ತುತ್ತಾರೆ. ಧರ್ಮಟ್ಟಿಯವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು. ಯಂತ್ರಗಳು ಸುಧಾರಿಸಿದಂತೆ ಒಂದೊಂದು ಶಿಖರವೂ ಗೆರೆಗಳಾಗಿ ಸೀಳಿತು. ಗೆರೆಗಳನ್ನು ಎಣಿಸಿ ಒಂದು ಕಳೆದರೆ, ಪಕ್ಕದ ಮನೆಯಲ್ಲಿ ಎಷ್ಟು ಹೈಡ್ರೊಜನ್ನುಗಳಿವೆಯೆಂದು ತಿಳಿಯುತ್ತದೆ!

ನಮ್ಮ ಕಾಲೇಜಿನಲ್ಲಿ ಆ ಯಂತ್ರವಿಲ್ಲ. ಅದನ್ನು ಕೊಂಡರೂ ದ್ರವ ಹೀಲಿಯಂ ಉಣಿಸಿ ಸಾಕುವವರಾರು? ಅಚ್ಚಾದ ಹಾಳೆಗಳಲ್ಲೇ ನಮ್ಮ ಪಾಠ. ಮೂರು ಗೆರೆ, ನಾಲ್ಕು ಗೆರೆ ಕಂಡರೆ ಈಥೈಲ್ ಎಂದು ಹುಡುಗರು ಮಗ್ಗಿಯಂತೆ ಉರುಹೊಡೆಯುತ್ತಾರೆ, ಅಂಕಗಳೂ ಬರುತ್ತವೆ.

ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ನಡುಮನೆಯ ಎರಡು ಹೈಡ್ರೊಜನ್ನುಗಳಿಗೆ ಆ ಕಡೆ ಮೂವರು ನೆರೆಯವರು, ಈ ಕಡೆ ಆಕ್ಸಿಜನ್ನಿನ ಮೇಲೆ ಒಬ್ಬ. ಗೆರೆ ನಾಲ್ಕೇ ಏಕೆ? ಆ ಒಬ್ಬ ಲೆಕ್ಕಕ್ಕಿಲ್ಲವೆ?” ಎಂದಳು. ಕೆಲವರು ನಕ್ಕರು, ಕೆಲವರು ಇದು ಪರೀಕ್ಷೆಗೆ ಉಂಟೇ ಎಂದರು.

ಆ ಒಬ್ಬ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ನೀರಿನ ಜೊತೆಗೆ ಆಮ್ಲದ ಲೇಶವಿದ್ದರೆ ಸಾಕು, ಅಣುವಿನಿಂದ ಅಣುವಿಗೆ ಹಾರುತ್ತಲೇ ಇರುತ್ತಾನೆ. ದಿನಕ್ಕೊಂದು ಮನೆ ಹಿಡಿಯುವ ಬಾಡಿಗೆದಾರನ ಗುರುತು ನೆರೆಯವರಿಗೆ ಸಿಕ್ಕೀತೆ? ಮದ್ಯಸಾರವನ್ನು ಚೆನ್ನಾಗಿ ಶುದ್ಧಿಮಾಡಿ ನೀರು ತೆಗೆದರೆ ಅವನ ಓಡಾಟ ತಗ್ಗುತ್ತದೆ; ಆಗ ಗೆರೆಗಳೂ ಹೆಚ್ಚುತ್ತವೆ.

ಉಳಿದವರು ಹಾಳೆಯಲ್ಲಿದ್ದುದನ್ನು ಎಣಿಸಿದ್ದರು. ಅವಳು ಇಲ್ಲದ್ದನ್ನೂ ಕಂಡಿದ್ದಳು. ನಾಳೆ ಇವರಲ್ಲಿ ಹಲವರು ಔಷಧ ಕಾರ್ಖಾನೆಗಳಲ್ಲಿ ಇಂಥ ಹಾಳೆಗಳಿಗೆ ರುಜು ಹಾಕುವವರು. ಇರಬೇಕಾದ ಗೆರೆ ಏಕಿಲ್ಲ ಎಂದು ಕೇಳದವರು ಹಾಕಿದ ರುಜುವನ್ನು ನಂಬಿ ರೋಗಿ ಮಾತ್ರೆ ನುಂಗಬೇಕಲ್ಲ!

ಈ ವರ್ಷವೂ ಅದೇ ಹಾಳೆ ಹಂಚಿದ್ದೇನೆ. ಓಡಾಡುವ ಆ ಬಾಡಿಗೆದಾರನ ಸುದ್ದಿಯನ್ನು ಮಾತ್ರ ಎತ್ತಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದೇನೆ.