ಪಶುವೈದ್ಯರೂ ಅವರ ಸಹಾಯಕರೂ

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ತಮ್ಮಲ್ಲಿ ಮೇಲು ಯಾರೆಂಬ ವಿವಾದವುಂಟಾದಾಗ, ಪರೀಕ್ಷೆಗೆ ನಿಲ್ಲಬೇಕಾದವರು ಆಚಾರ್ಯರಲ್ಲ, ಅವರ ಶಿಷ್ಯರು. ಈ ನ್ಯಾಯವನ್ನು ನಮ್ಮ ಪಶುವೈದ್ಯಶಾಲೆಗಳಿಗೆ ಅನ್ವಯಿಸಿದರೆ ಎಷ್ಟು ಮಂದಿ ವೈದ್ಯರು ತೇರ್ಗಡೆಯಾಗುವರೋ ಹೇಳಲಾಗದು.

ಲಸಿಕೆ ಹಾಕುವುದು, ಹೋರಿಯ ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು ಮುಂತಾದ ಪ್ರಾಥಮಿಕ ಚಿಕಿತ್ಸೆಗಳನ್ನು, ರಾಜ್ಯ ಸರಕಾರದ ಅನುಮತಿಯಿದ್ದಲ್ಲಿ, ವೈದ್ಯರ ಮೇಲ್ವಿಚಾರಣೆಗೊಳಪಟ್ಟು ತರಬೇತಿ ಹೊಂದಿದ ಸಹಾಯಕರು ಮಾಡಬಹುದೆಂದು 1984ನೆಯ ಇಸವಿಯ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ 30ನೆಯ ಪ್ರಕರಣವು ಸಮ್ಮತಿಸಿದೆ. ಅಧಿಕಾರವನ್ನೇನೋ ಕಾಯಿದೆ ಕೊಟ್ಟಿತು; ಧೈರ್ಯವನ್ನು ಕೊಡುವುದು ಕಾಯಿದೆಯಿಂದಾಗುವ ಕೆಲಸವೆ?

ಲಸಿಕೆಯ ಕೆಲಸವನ್ನೇ ನೋಡೋಣ. ಸೂಜಿ ಚುಚ್ಚುವುದನ್ನು ಬೇಗನೆ ಕಲಿಸಬಹುದು. ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ಶೈತ್ಯದಲ್ಲಿರಿಸಬೇಕು, ಹೆಪ್ಪುಗಟ್ಟಗೊಡಬಾರದು ಎಂಬುದನ್ನು ಬಾಯಿಪಾಠ ಮಾಡಿಸಬಹುದು. ಕಷ್ಟವಿರುವುದು ಬೇರೆಡೆ. ಸಾಲಿನಲ್ಲಿ ನಿಂತ ಹಸುಗಳಲ್ಲೊಂದು ಮೇವು ಬಿಟ್ಟು ತಲೆ ಇಳಿಹಾಕಿದೆ. ಸ್ವಸ್ಥವಾದ ಹಸುವಿನ ಮೈಶಾಖ 101, 102 ಡಿಗ್ರಿ ಫ್ಯಾರನ್‌ಹೀಟಿನ ಸುತ್ತಲಿರಬೇಕು; ಇದಕ್ಕೆ 104 ಇದೆ. ಜ್ವರದ ದನಕ್ಕೆ ಲಸಿಕೆ ಹಾಕತಕ್ಕದ್ದಲ್ಲ. ಯಜಮಾನನೋ, “ಎಲ್ಲರ ದನಕ್ಕೂ ಹಾಕಿ ನನ್ನದನ್ನೇಕೆ ಬಿಟ್ಟಿರಿ, ಸ್ವಾಮಿ?” ಎಂದು ಗದ್ದಲವೆಬ್ಬಿಸುತ್ತಾನೆ. “ಇಂದು ಬೇಡ” ಎಂದು ನಿಲ್ಲುವ ಬಲ ಸಹಾಯಕನಿಗೆ ಎಲ್ಲಿಂದ ಬರಬೇಕು? ಕೆಲಸವನ್ನು ಮಾತ್ರ ಒಪ್ಪಿಸಿ ನಿರ್ಣಯವನ್ನು ತಮ್ಮಲ್ಲೇ ಇಟ್ಟುಕೊಂಡ ವೈದ್ಯರ ಸಹಾಯಕನು ಅಂಜಿ ಚುಚ್ಚಿಬಿಡುತ್ತಾನೆ. ಆಮೇಲೆ ಹಸು ಆ ಮೊದಲಿನ ಜ್ವರದಿಂದಲೇ ಸತ್ತರೂ ಊರು ಲಸಿಕೆಯನ್ನು ದೂಷಿಸುತ್ತದೆ; ಮುಂದಿನ ಸಲ ಕೊಟ್ಟಿಗೆಯ ಬಾಗಿಲು ತೆರೆಯುವುದಿಲ್ಲ.

ಬಲ್ಲ ವೈದ್ಯರ ರೀತಿಯೇ ಬೇರೆ. ದನ ಬಂದೊಡನೆ ತಾವು ಬಾಯಿಬಿಡದೆ, “ನಿನಗೇನು ತೋರುತ್ತದಪ್ಪಾ?” ಎಂದು ಸಹಾಯಕನನ್ನು ಮೊದಲು ಕೇಳುತ್ತಾರೆ. ಎತ್ತಿನ ಹೆಗಲ ಹುಣ್ಣಿನಲ್ಲಿ ಹುಳು ಬಿದ್ದಿದ್ದರೆ, ಟರ್ಪೆಂಟೈನ್ ಎಣ್ಣೆಯ ಬತ್ತಿಯಿಟ್ಟು ಆತನು ಒಂದೊಂದಾಗಿ ಹುಳು ತೆಗೆಯುವವರೆಗೂ ಕೈಕಟ್ಟಿ ನಿಲ್ಲುತ್ತಾರೆ. ಇದು ಸುಲಭವೆಂದು ವಾಚಕರು ತಿಳಿಯಬಾರದು. ತಮ್ಮ ಕೈಯಲ್ಲಿ ಐದು ನಿಮಿಷಕ್ಕಾಗುವುದನ್ನು ಇನ್ನೊಬ್ಬನು ಅರ್ಧ ಗಂಟೆ ತಡವರಿಸುವಾಗ ಸುಮ್ಮನೆ ನೋಡುವುದಕ್ಕೆ, ಒಂದನೆಯ ತರಗತಿಗೆ ಅಕ್ಷರ ತಿದ್ದಿಸಿದವರಿಗಿರುವ ತಾಳ್ಮೆಯೇ ಬೇಕು. ದನಕ್ಕೆ ಅಪಾಯವಿದ್ದಲ್ಲಿ ಕೂಡಲೆ ಕೈಹಾಕುತ್ತಾರೆ. ಉಳಿದ ತಪ್ಪುಗಳನ್ನು ರೈತನೆದುರಿಗೆ ಆಡದೆ ಒಳಗೆ ಕರೆದು ತಿದ್ದುತ್ತಾರೆ. ಕರು ಅಡ್ಡಸಿಕ್ಕಿದ ಹೆರಿಗೆಯಂಥದನ್ನಂತೂ ಬಿಟ್ಟುಕೊಡುವುದಿಲ್ಲ. ತಮಗೆ ಯಾವಾಗ ಹೇಳಿಕಳುಹಿಸಬೇಕೆಂಬುದನ್ನು ಮಾತ್ರ ಕಲಿಸಿರುತ್ತಾರೆ.

ಹೀಗೆ ಕೆಲವು ವರ್ಷಗಳು ಕಳೆದಮೇಲೆ ರೈತರು ಬಂದು, ಎದುರಿಗೇ ಕುಳಿತ ವೈದ್ಯರನ್ನು ದಾಟಿ, ಸಹಾಯಕನನ್ನು ಹೆಸರು ಹಿಡಿದು ಕೇಳತೊಡಗುತ್ತಾರೆ. ಆಗ ವೈದ್ಯರ ಮುಖವನ್ನು ನೋಡಬೇಕು.