ಲಕೋಟೆಯೊಳಗಿನ ಚೀಟಿ

ಪರರ ಹೆಸರಿಗೆ ಬಂದ ಲಕೋಟೆಯನ್ನು ಒಡೆಯಬಾರದೆಂಬ ಮರ್ಯಾದೆಯು ನಮ್ಮ ಚಿಕ್ಕೋಡಿ-ಅಥಣಿಯ ಕಡೆಗೆ ಅಕ್ಷರ ಬಾರದ ಹಿರಿಯರಿಗೂ ಗೊತ್ತಿದ್ದುದೇ. ಈಗ ಲಕೋಟೆಗಳು ಕಡಿಮೆಯಾದವು. ನಿಪ್ಪಾಣಿಯ ತಂಬಾಕಿನ ಧಾರಣೆ, ರಾಯಬಾಗದವರ ಕಬ್ಬಿನ ಬಿಲ್ಲು, ಕಾಗವಾಡದಿಂದ ಮಿರಜಿಗೆ ಹೋದ ರೋಗಿಯ ವರದಿ, ಎಲ್ಲವೂ ಮೊಬೈಲಿನಲ್ಲಿಯೇ ಬರುತ್ತಿರುವವು. ಬರುವ ದಾರಿಯಲ್ಲಿ ಅವನ್ನು ಯಾರು ಮುಟ್ಟುವರೆಂದು ನಾವು ಕೇಳುವದೇ ಇಲ್ಲ. ಕೇಳಿದ ಒಬ್ಬರಿಗೆ ಏನಾಯಿತೆಂಬುದನ್ನು ವಾಚಕರು ತಿಳಿಯತಕ್ಕದ್ದು.

ಬೆಂಗಳೂರಿನ ಪ್ರೋಗ್ರಾಮರ್ ತೇಜೇಶ್ ಜಿ.ಎನ್. ಎಂಬವರು 2015ನೆಯ ಇಸವಿಯ ಜೂನ್ ತಿಂಗಳಲ್ಲಿ, ಏರ್‌ಟೆಲ್ಲಿನ 3ಜಿ ಸೇವೆಯಿಂದ ತೆರೆದ ಜಾಲಪುಟದೊಳಗೆ ಅದನ್ನು ಬರೆದವನು ಬರೆಯದಿದ್ದ ಕೆಲವು ಸಾಲುಗಳು ಸೇರಿರುವದನ್ನು ಕಂಡರು. ಅವು ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯ ಸಾಲುಗಳು. ಇವರು ಯಾವ ಬೀಗವನ್ನೂ ಮುರಿಯಲಿಲ್ಲ. ಬಂದ ಪುಟದ ಮೂಲವನ್ನು ನೋಡುವ ಸೌಕರ್ಯವು ಗಣಕದ ಬ್ರೌಸರಿನಲ್ಲಿಯೇ ಉಂಟು. ಅಲ್ಲಿ ಕಂಡದ್ದನ್ನು ಗಿಟ್‌ಹಬ್ ಎಂಬ ತಾಣದಲ್ಲಿ ಎಲ್ಲರೂ ಪರೀಕ್ಷಿಸಲೆಂದು ಇಟ್ಟರು. ಇವರ ಕಾರ್ಯವು ಇಷ್ಟೇ.

ಕೆಲವೇ ದಿನಗಳಲ್ಲಿ ವಕೀಲರ ನೋಟೀಸು ಬಂದಿತು. ಕಳಿಸಿದ್ದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯು. ಆ ಸಾಲುಗಳು ತನ್ನ ಸ್ವತ್ತು, ಅವನ್ನು ಪ್ರಕಟಿಸಿದ್ದು ಅಪರಾಧವೆಂದು ಅದರ ವಾದವು. 2000ದ ಮಾಹಿತಿ ತಂತ್ರಜ್ಞಾನ ಕಾಯದೆಯನ್ನೂ ದಂಡಸಂಹಿತೆಯನ್ನೂ ನೋಟೀಸಿನಲ್ಲಿ ಎತ್ತಿ ಹೇಳಿತ್ತು. ಅತ್ತ ಅಮೇರಿಕೆಯ ಕೃತಿಸ್ವಾಮ್ಯದ ಕಾಯದೆಯ ಮೇರೆಗೆ ಗಿಟ್‌ಹಬ್ಬಿನ ಪುಟವೂ ಮರೆಯಾಯಿತು. ಗ್ರಾಹಕರಿಗೆ ತಾವು ಬಳಸಿದ ಡೇಟಾ ತಿಳಿಯಲೆಂದು ಮಾಡಿದ್ದೆಂತಲೂ, ನೋಟೀಸಿಗೂ ತನಗೂ ಸಂಬಂಧವಿಲ್ಲವೆಂತಲೂ ಏರ್‌ಟೆಲ್ ಹೇಳಿತು.

ಇದೆಂಥ ನ್ಯಾಯವು! ನಮ್ಮ ಲಕೋಟೆಯೊಳಗೆ ಯಾರೋ ಚೀಟಿಯನ್ನು ಸೇರಿಸುವದು. ನಾವು ಅದನ್ನು ನೆರೆಯವರಿಗೆ ತೋರಿಸಿದರೆ, ಚೀಟಿಯ ಅಕ್ಷರಗಳು ತನ್ನವೆಂದು ಅದನ್ನು ಬರೆದವನೇ ನಮ್ಮ ಬಾಗಿಲಿಗೆ ಬಂದು ಗದರಿಸುವದು! ಅಮೇರಿಕೆಯ ಆರನ್ ಸ್ವಾರ್ಟ್ಜ್ ಎಂಬ ತರುಣನ ಸಂಗತಿಯು ಬೇರೆ. ಅವನು ವಿದ್ವತ್ ಲೇಖನಗಳನ್ನು ಲಕ್ಷಗಟ್ಟಲೆ ಇಳಿಸಿಕೊಂಡಿದ್ದನು. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ವಾದಿಸಲು ಎಡೆಯುಂಟು. 2011ರಲ್ಲಿ ಸೆರೆಯಾದ ಅವನು, ಖಟ್ಲೆಯ ವಿಚಾರಣೆಗೆ ಮೊದಲೇ 2013ರ ಜನವರಿಯಲ್ಲಿ, 26ನೆಯ ವಯಸ್ಸಿಗೆ ತಾನಾಗಿ ಜೀವ ಕಳೆದುಕೊಂಡನು. ತೇಜೇಶರಾದರೋ ತಮ್ಮ ಕೈಗೆ ಬಂದದ್ದನ್ನೇ ತೋರಿಸಿದವರು.

ಈಗ ಬಹುತೇಕ ತಾಣಗಳು ಪುಟಕ್ಕೆ ಮುದ್ರೆಯೊತ್ತಿಯೇ ಕಳಿಸುವದರಿಂದ ನಡುದಾರಿಯಲ್ಲಿ ಹೀಗೆ ಸೇರಿಸುವದು ಕಠಿಣವಾಗಿದೆ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿರುವದೇ ಆ ಮುದ್ರೆಯ ಗುರುತು. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯು ಪುಟದ ಮೂಲವನ್ನು ತೆರೆದು ನೋಡುವದನ್ನು ಕಲಿತಿರುವಳು. ಈ ಕಥೆಯನ್ನು ಕೇಳಿದಂದಿನಿಂದ ಆಕೆಯ ತಾಯಿಗೆ ನೋಟೀಸಿನ ಅಂಜಿಕೆ. ನೋಡಲಿ ಬಿಡು ಎಂದು ನಾವು ಹೇಳಿರುವೆವು.