ನೀಲಿ ಮುಚ್ಚಳದ ಟ್ಯೂಬು

2021ರ ಮೇ. ವಿಶಾಖಪಟ್ಟಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೇ ಕರ್ಫ್ಯೂ. ಬೀಚ್ ರೋಡು ಬಿಕೋ ಎನ್ನುತ್ತಿದೆ. ನೀವು ನಿಂತಿರುವುದು ಊರಿನ ಒಂದು ಕೋವಿಡ್ ಐಸಿಯುವಿನಲ್ಲಿ, ಪಿಪಿಇ ಕಿಟ್ಟಿನೊಳಗೆ. ಬೆವರು ತೋಳಿನಿಂದ ಕೈಗವಸಿಗೆ ಇಳಿಯುತ್ತಿದೆ, ಕನ್ನಡಕಕ್ಕೆ ಹಬೆ ಕಟ್ಟಿದೆ. ಬೇರೆಲ್ಲ ಸದ್ದಿಗಿಂತ ಜೋರಾಗಿ ಆಕ್ಸಿಜನ್ನಿನ ಭುಸುಗುಡುವಿಕೆ. ಹೋದ ತಿಂಗಳು 22ರಂದು ದೇಶದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ಏಳು ಟ್ಯಾಂಕರ್ ಹೊತ್ತು ಮಹಾರಾಷ್ಟ್ರಕ್ಕೆ ಹೊರಟಿದ್ದು ಇದೇ ಊರಿನ ಉಕ್ಕಿನ ಕಾರ್ಖಾನೆಯಿಂದ.

ಎದುರಿನ ಬೆಡ್ಡಿನಲ್ಲಿ ಐವತ್ತು ದಾಟಿದ ಒಬ್ಬರು ಬೋರಲು ಮಲಗಿದ್ದಾರೆ. ಜ್ವರ ಶುರುವಾಗಿ ಇಂದಿಗೆ ಹತ್ತನೇ ದಿನ. "ಕೊಂಚೆಂ ಓರ್ಚುಕೋಂಡಿ ಬಾಬಾಯ್" (ಸ್ವಲ್ಪ ತಡೆದುಕೊಳ್ಳಿ ಚಿಕ್ಕಪ್ಪ) ಎನ್ನುತ್ತಾ ಸಿಸ್ಟರ್ ಅವರ ಕೈ ತಿರುಗಿಸಿ ನರ ಹುಡುಕುತ್ತಾರೆ. ಎರಡೆರಡು ಕೈಗವಸು ಹಾಕಿದ ಬೆರಳಿಗೆ ನರ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕ ಮೇಲೆ ಮೊದಲು ತುಂಬುವುದು ನೀಲಿ ಮುಚ್ಚಳದ ಟ್ಯೂಬು. ಅದರ ತಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇದೆ. ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ, ಸರಿಯಾಗಿ ಗೆರೆಯವರೆಗೆ. ಕಡಿಮೆ ಬಿದ್ದರೆ ಲ್ಯಾಬಿನವರು ವಾಪಸು ಕಳಿಸುತ್ತಾರೆ. ಕುಲುಕುವಂತೆಯೂ ಇಲ್ಲ, ಮೂರ್ನಾಲ್ಕು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಕೆಂಪು, ನೇರಳೆ ಟ್ಯೂಬುಗಳ ಸರದಿ ಆಮೇಲೆ.

ಸಂಜೆಗೆ ರಿಪೋರ್ಟು ಬರುತ್ತದೆ. 500ರೊಳಗೆ ಇರಬೇಕಾದ ಡಿ-ಡೈಮರ್ 4,000 ದಾಟಿದೆ. ಉರಿಯೂತದ ಸೂಚಕಗಳಾದ ಸಿಆರ್‌ಪಿ, ಫೆರಿಟಿನ್ ಏರಿವೆ, ಪ್ಲೇಟ್‌ಲೆಟ್ ಇಳಿಯುತ್ತಿದೆ. ಕೆಲವು ದಿನಗಳ ಹಿಂದೆ ಕಳಿಸಿದ್ದ ಬ್ಲಡ್ ಕಲ್ಚರಿನಲ್ಲಿ ಮಾತ್ರ ಯಾವ ಬ್ಯಾಕ್ಟೀರಿಯವೂ ಬೆಳೆದಿಲ್ಲ. ಆದರೂ ಇದು ಸೆಪ್ಸಿಸ್ಸೇ. 2016ರಲ್ಲಿ ಒಪ್ಪಿತವಾದ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ಎದುರಾಗಿ ದೇಹ ಹಿಡಿತ ತಪ್ಪಿ ವರ್ತಿಸಿ ತನ್ನದೇ ಅಂಗಾಂಗಗಳನ್ನು ಕೆಡಿಸಿಕೊಂಡರೆ ಅದು ಸೆಪ್ಸಿಸ್. ಕಾರಣ ಬ್ಯಾಕ್ಟೀರಿಯವೇ ಆಗಬೇಕೆಂದಿಲ್ಲ, ವೈರಸ್ಸೂ ಸಾಕು.

ಈಗ ಆ ಶ್ವಾಸಕೋಶದ ಒಂದು ಲೋಮನಾಳದೊಳಗೆ ಇಳಿದು ನೋಡಿ. ರಕ್ತನಾಳದ ಒಳಪದರ ಊದಿಕೊಂಡಿದೆ. ಆರೋಗ್ಯವಂತರಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಇದೇ ಪದರ. ಉರಿಯೂತದ ರಾಸಾಯನಿಕಗಳು ಅದರ ಆ ಗುಣವನ್ನೇ ಕಿತ್ತುಕೊಂಡಿವೆ. ಮಾನೋಸೈಟುಗಳೆಂಬ ಬಿಳಿ ರಕ್ತಕಣಗಳ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಎದ್ದಿದೆ, ಹೆಪ್ಪುಗಟ್ಟಿಸುವ ಸರಣಿ ಅಲ್ಲಿಂದ ಶುರು. ಇನ್ನೊಂದು ಬಗೆಯ ಬಿಳಿ ಕಣಗಳಾದ ನ್ಯೂಟ್ರೋಫಿಲ್ಲುಗಳು ಸಾಯುತ್ತಾ ತಮ್ಮದೇ ಡಿಎನ್‌ಎ ಎಳೆಗಳನ್ನು ಮೀನುಗಾರರ ಬಲೆಯಂತೆ ಬೀಸುತ್ತವೆ, ಅದಕ್ಕೆ ಪ್ಲೇಟ್‌ಲೆಟ್ಟುಗಳು ಸಿಕ್ಕಿಕೊಳ್ಳುತ್ತವೆ. ಈ ಬಲೆ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2004ರಲ್ಲಷ್ಟೇ. ಕಟ್ಟಿದ ಹೆಪ್ಪಿನಲ್ಲಿ ಒಂದಿಷ್ಟು ಕರಗುತ್ತದೆ. ಆ ಚೂರುಗಳೇ ಡಿ-ಡೈಮರ್. 2020ರಲ್ಲಿ ಪ್ರಕಟವಾದ ಒಂದು ಶವಪರೀಕ್ಷೆಯ ಅಧ್ಯಯನದಲ್ಲಿ, ಕೋವಿಡ್‌ನಿಂದ ಸತ್ತವರ ಶ್ವಾಸಕೋಶದ ಲೋಮನಾಳಗಳಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತವರಿಗಿಂತ ಒಂಬತ್ತು ಪಟ್ಟು ಹೆಚ್ಚು ಸಣ್ಣ ಹೆಪ್ಪುಗಳಿದ್ದವು. ಗಾಳಿ ಒಳಗೆ ಬಂದರೂ ಅದನ್ನು ಹೊತ್ತೊಯ್ಯಲು ರಕ್ತ ಹರಿಯುತ್ತಿಲ್ಲ.

ರಾತ್ರಿ ಅವರನ್ನು ಮಗ್ಗುಲಿಗೆ ಹೊರಳಿಸುತ್ತಾರೆ, ನಾಲ್ಕು ಜನ ಬೇಕು. ಹೊಕ್ಕುಳಿನ ಸುತ್ತ ನೀಲಿಗಟ್ಟಿದ ಕಲೆಗಳು, ಹಿಂದಿನ ದಿನಗಳ ಸೂಜಿಯ ಗುರುತು. ಸಿಸ್ಟರ್ ಹೊಟ್ಟೆಯ ಚರ್ಮವನ್ನು ಮಡಿಕೆಯಾಗಿ ಹಿಡಿದು ಎನಾಕ್ಸಪರಿನ್ ಕೊಡುತ್ತಾರೆ, ಹೆಪ್ಪು ತಡೆಯುವ ಹೆಪಾರಿನ್ನಿನ ಒಂದು ಬಗೆ. ಸಿರಿಂಜಿನ ಗಾಳಿಗುಳ್ಳೆ ಹೊರಹಾಕುವುದಿಲ್ಲ, ಚುಚ್ಚಿದ ಜಾಗ ಉಜ್ಜುವುದಿಲ್ಲ. ಡೆಕ್ಸಾಮೆಥಸೋನ್ ಆಗಲೇ ನಡೆಯುತ್ತಿದೆ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿತ್ತು. ಆಕ್ಸಿಜನ್ನೇ ಬೇಡದವರಿಗೆ ಮಾತ್ರ ಏನೂ ಉಪಕಾರವಾಗಿರಲಿಲ್ಲ. ಇದು ಗೊತ್ತಿದ್ದೂ ಆ ದಿನಗಳಲ್ಲಿ ಮನೆಯಲ್ಲೇ ಸ್ಟೆರಾಯ್ಡ್ ನುಂಗಿದವರಿಗೆ ಲೆಕ್ಕವಿಲ್ಲ. ಹೆಪಾರಿನ್ನಿನ ಕತೆಯೂ ಹಾಗೆಯೇ. 2021ರ ಆಗಸ್ಟಿನಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ವಾರ್ಡಿನ ರೋಗಿಗಳಿಗೆ ನೆರವಾಯಿತು, ಐಸಿಯು ಸೇರಿದವರಿಗೆ ನೆರವಾಗಲಿಲ್ಲ. ಹೆಪ್ಪು ಕಟ್ಟಿ ಮುಗಿದ ಮೇಲೆ ಡೋಸು ಏರಿಸಿ ಪ್ರಯೋಜನ ಕಡಿಮೆ ಎಂಬುದು ಒಂದು ಊಹೆ.

ಇನ್ನು ರೈಲು ಹತ್ತಿ. ಅನಕಾಪಲ್ಲಿ, ತುನಿ, ರಾಜಮಂಡ್ರಿ ದಾಟಿದರೆ ವಿಜಯವಾಡ. ಈ ಸಲ 2024ರ ಸೆಪ್ಟೆಂಬರ್. ಬುಡಮೇರು ತೊರೆ ಉಕ್ಕಿ ಸಿಂಗ್ ನಗರದ ಮನೆಗಳಿಗೆ ನುಗ್ಗಿದ ನೀರು ಇಳಿದಿದೆ. ಗೋಡೆಯ ಮೇಲೆ ಕೆಸರಿನ ಗೆರೆ, ಬೀದಿಯಲ್ಲಿ ನೆನೆದ ಹಾಸಿಗೆಗಳ ರಾಶಿ. ಒಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಲೇಜು ಹುಡುಗಿಯೊಬ್ಬಳು ಅಪ್ಪನ ಹೆಗಲಿಗೆ ಒರಗಿದ್ದಾಳೆ. ಎನ್‌ಎಸ್1 ಪಾಸಿಟಿವ್, ಅಂದರೆ ಡೆಂಗಿ. "ಪ್ಲೇಟ್‌ಲೆಟ್ಸ್ ಪಡಿಪೋಯಾಯಿ ಸಾರ್" (ಪ್ಲೇಟ್‌ಲೆಟ್ಸ್ ಬಿದ್ದುಹೋಗಿವೆ ಸಾರ್) ಎಂದು ಅಪ್ಪ ಕಾಗದ ಚಾಚುತ್ತಾನೆ. 38,000.

ಡಾಕ್ಟರ ಬೆರಳು ಆ ಸಾಲನ್ನು ದಾಟಿ ಹೆಮಟೋಕ್ರಿಟ್ ಮೇಲೆ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲಿನ ಮೇಲೆ, ನಿಲ್ಲುತ್ತದೆ. ಮೊನ್ನೆ 36 ಇದ್ದದ್ದು ಇಂದು 45. ಬೆಳಗ್ಗೆ ಜ್ವರ ಬಿಟ್ಟಿತೆಂದು ಮನೆಯವರು ಸಮಾಧಾನಪಟ್ಟಿದ್ದರು. ಹುಡುಗಿಗೆ ಮಾತ್ರ ಹೊಟ್ಟೆನೋವು, ಬಿಡದ ವಾಂತಿ. ಇಲ್ಲಿಯೂ ಕೆಟ್ಟಿರುವುದು ರಕ್ತನಾಳದ ಅದೇ ಒಳಪದರವೇ. ವಿಶಾಖದಲ್ಲಿ ಅದು ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟಿತು, ಇಲ್ಲಿ ಪ್ಲಾಸ್ಮಾವನ್ನು ಹೊರಗೆ ಸೋರಲು ಬಿಟ್ಟಿದೆ. ಉಳಿದ ರಕ್ತ ಗಟ್ಟಿಯಾಗಿದೆ, ಅದಕ್ಕೇ 45. ಅವಳಿಗೆ ತುರ್ತಾಗಿ ಬೇಕಿರುವುದು ಅಳತೆ ನೋಡಿ ಕೊಡುವ ಸಲೈನು. ಆ ಬಾಬಾಯಿಗೆ ಕೊಟ್ಟ ಹೆಪಾರಿನ್ ಇವಳಿಗೆ ಕೊಟ್ಟರೆ ರಕ್ತಸ್ರಾವ ಆದೀತು. ಎರಡೂ ಕಡೆ ಇಳಿದದ್ದು ಪ್ಲೇಟ್‌ಲೆಟ್ಟೇ, ಚಿಕಿತ್ಸೆ ಮಾತ್ರ ತದ್ವಿರುದ್ಧ. ರಕ್ತಸ್ರಾವವಿಲ್ಲದಿದ್ದರೆ 38,000ಕ್ಕೆ ಪ್ಲೇಟ್‌ಲೆಟ್ ಏರಿಸುವ ಅಗತ್ಯವೂ ಇಲ್ಲ. ಪ್ಲೇಟ್‌ಲೆಟ್ ಏರುತ್ತದೆಂದು ಕುಡಿಸುವ ಪರಂಗಿ ಎಲೆಯ ರಸದ ಮೇಲೆ ನನಗೆ ಜಗಳವಿಲ್ಲ. ಅದನ್ನು ನಂಬಿ ಒಂದು ದಿನ ತಡಮಾಡುವುದರ ಮೇಲಿದೆ.

ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಿ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ರಿಪೋರ್ಟು ಕೈಗೆ ಬಂದಾಗ ಪ್ಲೇಟ್‌ಲೆಟ್ ಜತೆಗೆ ಹೆಮಟೋಕ್ರಿಟ್ ಎಷ್ಟು ಎಂದೂ ಕೇಳಿ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ, ಮಂಪರು, ಕಡಿಮೆ ಮೂತ್ರ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.